ಕಷ್ಟಕಾಲದ ನಗೆ

ನಗುವುದಕ್ಕೂ ಒಂದು ಹೊತ್ತುಗೊತ್ತು ಉಂಟು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಮದುವೆಯ ಮನೆಯಲ್ಲಿ ನಗಬಹುದು, ಸಾವಿನ ಮನೆಯಲ್ಲಿ ನಗಬಾರದು. ಈ ಮಾತನ್ನು ನಾನಾಗಲಿ ನೀವಾಗಲಿ ಅಲ್ಲಗಳೆಯುವುದಿಲ್ಲ. ಆದರೆ ಊರಿಗೆ ಊರೇ ಕದ ಹಾಕಿಕೊಂಡು ಕುಳಿತು, ಯಾರ ಮನೆಯಿಂದ ಯಾವ ಸುದ್ದಿ ಬಂದೀತೋ ಎಂದು ಕಿವಿಗೊಟ್ಟು ತಿಂಗಳುಗಟ್ಟಲೆ ಕಾಯಬೇಕಾಗಿ ಬಂದಾಗ ನಗಬಹುದೆ, ನಗಬಾರದೆ? ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದದ್ದಲ್ಲ. ಮೈಸೂರಿನ ನಮ್ಮ ಬೀದಿಯಲ್ಲಿ, ನಮ್ಮ ಮನೆಯ ಎದುರಿಗೇ ಎದ್ದು ನಿಂತದ್ದು.

೨೦೨೦ನೆಯ ಇಸವಿ ಮಾರ್ಚಿ ೨೫ರಿಂದ ದೇಶವೆಲ್ಲ ಮನೆಯೊಳಗೆ ಕುಳಿತದ್ದು ನಿಮಗೆ ನೆನಪಿರಬೇಕು. ಮೊದಲು ಇಪ್ಪತ್ತೊಂದು ದಿನ ಎಂದರು. ಆಮೇಲೆ ದಿನಗಳ ಲೆಕ್ಕ ತಪ್ಪಿತು. ನಮ್ಮ ಎದುರುಮನೆಯಲ್ಲಿ ನಿವೃತ್ತ ಮೇಷ್ಟರೊಬ್ಬರಿದ್ದಾರೆ. ಹಿಂದಿನ ಕೊಠಡಿಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಮಕ್ಕಳು ಬರುವಂತಿಲ್ಲ, ಕರಿಹಲಗೆಗೆ ಕೆಲಸವಿಲ್ಲ. ಒಂದು ಬೆಳಗ್ಗೆ ಅದನ್ನು ಎತ್ತಿಕೊಂಡು ಬಂದು ಕಾಂಪೌಂಡಿನ ಹೊರಗೋಡೆಗೆ ಒರಗಿಸಿ, ದೊಡ್ಡ ಅಕ್ಷರದಲ್ಲಿ ಹೀಗೆ ಬರೆದರು: "ಇಂದು ಯಾವ ವಾರ? ತಿಳಿದವರು ಬರೆಯಿರಿ." ಪಕ್ಕದಲ್ಲಿ ಒಂದು ತೆಂಗಿನ ಕರಟ, ಅದರಲ್ಲಿ ಸೀಮೆಸುಣ್ಣದ ತುಂಡುಗಳು.

ಸಂಜೆಯ ಹೊತ್ತಿಗೆ ಉತ್ತರ ನಾಲ್ಕು ಬಂದಿದ್ದವು. ಒಬ್ಬರು ಬುಧವಾರ ಎಂದರು, ಮತ್ತೊಬ್ಬರು ಶುಕ್ರವಾರ ಎಂದರು. ಮೂರನೆಯವರು "ನಮ್ಮ ಮನೆಯಲ್ಲಿ ಮೂರು ದಿನದಿಂದ ಭಾನುವಾರ" ಎಂದು ಬರೆದಿದ್ದರು. ಅದರ ಕೆಳಗೆ ಹೆಂಗಸರ ಅಕ್ಷರದಲ್ಲಿ, "ಅಡಿಗೆಮನೆಗೆ ಮಾತ್ರ ಭಾನುವಾರವಿಲ್ಲ."

ನಮ್ಮ ಬೀದಿಯ ಮೂರನೆಯ ಮನೆಯಲ್ಲಿ ಒಬ್ಬ ಹಿರಿಯರಿದ್ದರು. ಲೆಕ್ಕಪತ್ರದ ಕೆಲಸದಲ್ಲಿ ತಲೆ ನರೆಯಿಸಿಕೊಂಡು ನಿವೃತ್ತರಾದವರು. ಹಾಲು ತರಲು ಬಂದವರು ಹಲಗೆಯ ಮುಂದೆ ನಿಂತು ಓದಿದರು. ಓದಿ, "ಏನ್ರೀ ಮೇಷ್ಟ್ರೇ, ಊರೆಲ್ಲ ಹೆದರಿ ಸಾಯ್ತಾ ಇದೆ, ನಿಮಗೆ ತಮಾಷೆಯೆ?" ಎಂದರು. ಮೇಷ್ಟರು ಸುಮ್ಮನಿದ್ದರು. ಹೇಳುವುದಕ್ಕೆ ನನಗೂ ಏನೂ ತೋಚಲಿಲ್ಲ. ಅವರು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲವಲ್ಲ!

ಇದೇ ಪ್ರಶ್ನೆಯನ್ನು ಎಂಬತ್ತು ವರ್ಷ ಮೊದಲು ಒಂದು ಇಡೀ ದೇಶ ಕೇಳಿಕೊಂಡಿತ್ತು ಎಂಬುದು ಆಮೇಲೆ ನನ್ನ ನೆನಪಿಗೆ ಬಂದಿತು. ರೇಡಿಯೋದ ಹಳೆಯ ಕಥೆಗಳನ್ನು ಓದುವ ಚಟ ನನಗುಂಟು. ರೇಡಿಯೋದ ಮುಂದೆ ಕುಳಿತಿರುವ ನಿಮಗೆ ಆ ಕಥೆಯಲ್ಲಿ ಒಂದನ್ನು ಹೇಳುವುದು ಅಪ್ರಕೃತವಾಗಲಾರದು.

೧೯೩೯ರ ಸೆಪ್ಟೆಂಬರ್ ೩ರಂದು ಇಂಗ್ಲೆಂಡು ಯುದ್ಧ ಸಾರಿತು. ಆಗಲೇ ಸರ್ಕಾರ ನಾಟಕಶಾಲೆ, ಸಿನಿಮಾ ಮಂದಿರಗಳನ್ನೆಲ್ಲ ಮುಚ್ಚಿಸಿತು. ಬಾಂಬು ಬಿದ್ದರೆ ಜನ ಒಂದೆಡೆ ಗುಂಪಾಗಿರಬಾರದು ಎಂಬುದು ಕಾರಣ. ಕಾರಣ ಸರಿಯಾಗಿಯೇ ಇದೆ. ಆದರೆ ಬರ್ನಾರ್ಡ್ ಷಾ ಕೆರಳಿದ. ಇಂಥ ವೇಳೆಯಲ್ಲಿ ಜನರನ್ನು ಕತ್ತಲೆಯ ಮನೆಯೊಳಗೆ ಅವರವರ ಭಯದೊಡನೆ ಕೂಡಿಹಾಕುವುದಕ್ಕಿಂತ ದಡ್ಡತನ ಬೇರೆ ಇಲ್ಲ ಎಂಬರ್ಥ ಬರುವಂತೆ 'ಟೈಮ್ಸ್' ಪತ್ರಿಕೆಗೆ ಕಾಗದ ಬರೆದ. ಕೆಲವೇ ದಿನಗಳಲ್ಲಿ ಬಾಗಿಲುಗಳು ಒಂದೊಂದಾಗಿ ತೆರೆದವು.

ಬಿ.ಬಿ.ಸಿ.ಯ ಅವಸ್ಥೆ ಇನ್ನೂ ವಿನೋದವಾಗಿತ್ತು. ಯುದ್ಧ ಬಂದೊಡನೆ ತನ್ನ ಕಾರ್ಯಕ್ರಮಗಳನ್ನೆಲ್ಲ ಕಟ್ಟಿಟ್ಟು, ಒಂದೇ ಒಂದು ಪ್ರಸಾರ ಉಳಿಸಿಕೊಂಡಿತು. ಅದರಲ್ಲಿ ಬರುತ್ತಿದ್ದುದೇನು? ವಾರ್ತೆ, ಸರ್ಕಾರದ ಪ್ರಕಟಣೆ, ಮತ್ತೆ ವಾರ್ತೆ, ನಡುನಡುವೆ ಆರ್ಗನ್ ವಾದ್ಯ. ಆರ್ಗನ್ ನುಡಿಸುತ್ತಿದ್ದಾತ ಪಾಪ, ದಿನಕ್ಕೆ ಎಷ್ಟೋ ಬಾರಿ ನುಡಿಸಿದ. ಅದನ್ನು ಕೇಳುವುದಕ್ಕಿಂತ ಜರ್ಮನರ ಫಿರಂಗಿಯೇ ವಾಸಿ ಎಂದು ಶ್ರೋತೃವೊಬ್ಬ ಹೇಳಿದನೆಂದು ಪ್ರತೀತಿ. ೨೦೨೦ರಲ್ಲಿ ನಾವು ಸಹ, ಹಗಲೆಲ್ಲ ಅಂಕಿಸಂಖ್ಯೆ ಕೇಳಿ ಕೇಳಿ, ಟೆಲಿಫೋನು ಎತ್ತಿದರೆ ಅದರಲ್ಲಿಯೂ ಕೆಮ್ಮಿನ ಸದ್ದು, ಎಚ್ಚರಿಕೆಯ ಮಾತು ಕೇಳಿ, ಆ ಶ್ರೋತೃವಿನ ಸ್ಥಿತಿಯನ್ನೇ ಮುಟ್ಟಿದ್ದೆವಷ್ಟೆ.

ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ಜನರ ಎದೆ ಕುಂದದಂತೆ ನೋಡಿಕೊಳ್ಳಲು ಅಲ್ಲಿ ಪ್ರಚಾರ ಮಂತ್ರಾಲಯವೊಂದು ಹುಟ್ಟಿತ್ತು. ಅದು ಕೆಂಪು ಕಾಗದದ ಮೇಲೆ ರಾಜಮುಕುಟ ಅಚ್ಚು ಹಾಕಿಸಿ, ಗೋಡೆಗೋಡೆಗೂ ಭಿತ್ತಿಪತ್ರ ಅಂಟಿಸಿತು. ಅದರಲ್ಲಿದ್ದ ಮಾತು ಇಷ್ಟು: ನಿಮ್ಮ ಧೈರ್ಯ, ನಿಮ್ಮ ಉಲ್ಲಾಸ, ನಿಮ್ಮ ದೃಢತೆ ನಮಗೆ ಜಯ ತರುತ್ತದೆ. ಓದಿದವರಿಗೆ ಹಿತವೆನಿಸಲಿಲ್ಲ. ಧೈರ್ಯ ಪಡಬೇಕಾದವರು ನಾವು, ಜಯ ಅವರಿಗೋ ಎಂದರು. ಅದೇ ಸಾಲಿನಲ್ಲಿ 'ಶಾಂತವಾಗಿರಿ, ಕೆಲಸ ಮುಂದುವರಿಸಿ' ಎಂಬರ್ಥದ ಇನ್ನೊಂದು ಪತ್ರವನ್ನು ಸುಮಾರು ೨೪ ಲಕ್ಷ ಪ್ರತಿ ಅಚ್ಚುಹಾಕಿ ಗೋದಾಮಿನಲ್ಲಿಟ್ಟರು. ಬಹುಪಾಲು ಗೋಡೆಯನ್ನೇ ಕಾಣಲಿಲ್ಲ. ಕಾಗದದ ಅಭಾವ ಬಂದಾಗ ಅರೆದು ಹೊಸ ಕಾಗದ ಮಾಡಿದರು. ಈಗ ಅದೇ ಮಾತು ಕಾಫಿ ಲೋಟಗಳ ಮೇಲೆ ಲೋಕವೆಲ್ಲ ಸುತ್ತುತ್ತಿದೆ. ಯುದ್ಧದಲ್ಲಿ ಒದಗದ ಧೈರ್ಯ ಕಾಫಿಗಾದರೂ ಒದಗಲಿ!

ಉಲ್ಲಾಸವಾಗಿರಿ ಎಂದು ಆಜ್ಞೆ ಮಾಡಿದರೆ ಯಾರೂ ಉಲ್ಲಾಸವಾಗಿರುವುದಿಲ್ಲ. ಆ ಕೆಲಸ ಆದದ್ದು ಬೇರೆ ದಾರಿಯಿಂದ. ಯುದ್ಧ ಸಾರಿದ ಹದಿನಾರು ದಿನಕ್ಕೆ, ಅಂದರೆ ಸೆಪ್ಟೆಂಬರ್ ೧೯ರಂದು, ಬ್ರಿಸ್ಟಲ್ ನಗರದಿಂದ ಒಂದು ನಗೆಯ ಕಾರ್ಯಕ್ರಮ ಪ್ರಸಾರವಾಯಿತು. ಹೆಸರು 'ಅದೋ, ಮತ್ತೆ ಆ ಮನುಷ್ಯ' ಎಂಬರ್ಥದ್ದು. ಜನ ಅದರ ಮೊದಲಕ್ಷರಗಳನ್ನು ಕೂಡಿಸಿ 'ಇಟ್ಮಾ' ಎಂದು ಕರೆದರು. ಆ ಮನುಷ್ಯ ಎಂದರೆ ಮೊದಲಿಗೆ ಹಿಟ್ಲರ್. ಪ್ರತಿ ಸಲ ಅವನೊಂದು ಗದ್ದಲ ಎಬ್ಬಿಸಿದಾಗ ವರ್ತಮಾನ ಪತ್ರಿಕೆಗಳಲ್ಲಿ ಬರುತ್ತಿದ್ದ ತಲೆಬರಹವದು. ಆ ಹೆಸರನ್ನು ಲಿವರ್‌ಪೂಲಿನ ಟಾಮಿ ಹ್ಯಾಂಡ್ಲಿ ಎಂಬ ಹಾಸ್ಯಗಾರ ತನಗೆ ಅಂಟಿಸಿಕೊಂಡ. ಬರೆಯುತ್ತಿದ್ದವನು ಟೆಡ್ ಕವನಾ, ನ್ಯೂಜಿಲೆಂಡಿನಲ್ಲಿ ಹುಟ್ಟಿದವನು.

ಯುದ್ಧ ಬಂದ ಮೇಲೆ ಇಂಗ್ಲೆಂಡಿನಲ್ಲಿ ದಿನಕ್ಕೊಂದು ಇಲಾಖೆ, ಇಲಾಖೆಗೊಂದು ನಮೂನೆ, ನಮೂನೆಗೆ ಮೂರು ನಕಲು. ಹ್ಯಾಂಡ್ಲಿ ಏನು ಮಾಡಿದ? ತಾನೂ ಒಂದು ಮಂತ್ರಿಯಾದ. 'ಕಿರುಕುಳ ಮತ್ತು ಗೂಢ' ಇಲಾಖೆಯ ಮಂತ್ರಿ. ಆ ದಿನಗಳಲ್ಲಿ ಗೂಢಚಾರರ ಭಯ ಅತಿಯಾಗಿತ್ತು. ಪಕ್ಕದ ಮನೆಗೆ ಹೊಸಬ ಬಂದರೆ ಶತ್ರುವಿನ ಕಡೆಯವನೋ ಎಂದು ಜನ ಇಣುಕುತ್ತಿದ್ದರು. ಇಟ್ಮಾದಲ್ಲಿ ಫುಂಫ್ ಎಂಬೊಬ್ಬ ಜರ್ಮನ್ ಗೂಢಚಾರ ಬಂದ. ಜ್ಯಾಕ್ ಟ್ರೇನ್ ಎಂಬ ನಟ ಗಾಜಿನ ಲೋಟವೊಂದನ್ನು ಬಾಯಿಗೆ ಹಿಡಿದು ಅದರೊಳಗೆ ಮಾತನಾಡಿ ಆ ಭಯಂಕರ ದನಿಯನ್ನು ತೆಗೆಯುತ್ತಿದ್ದ. ಖರ್ಚು, ಒಂದು ಲೋಟ! ಫುಂಫನ ಬೆದರಿಕೆಗಳೆಲ್ಲ ಪೊಳ್ಳು. ಮಾಡಲು ಹೋದದ್ದೆಲ್ಲ ಎಡವಟ್ಟು. ನೋಡಿ, ಕೆಲವು ವಾರಗಳಲ್ಲಿ ದೇಶದ ಜನ ಒಬ್ಬರಿಗೊಬ್ಬರು ಟೆಲಿಫೋನು ಮಾಡಿದಾಗ ದನಿ ದಪ್ಪ ಮಾಡಿ, "ಫುಂಫ್ ಮಾತನಾಡುತ್ತಿದ್ದೇನೆ" ಎನ್ನತೊಡಗಿದರು. ರಾತ್ರಿ ನಿದ್ದೆ ಕೆಡಿಸುತ್ತಿದ್ದ ಗೂಢಚಾರ ಮಕ್ಕಳ ಆಟದ ಗೊಂಬೆಯಾದ.

ಅದೇ ಕಾರ್ಯಕ್ರಮದಲ್ಲಿ ಕ್ಲಾಡ್ ಮತ್ತು ಸೆಸಿಲ್ ಎಂಬ ಇಬ್ಬರು ಅತಿವಿನಯದ ಆಳುಗಳಿದ್ದರು. 'ನೀವು ಮುಂದೆ', 'ಇಲ್ಲ, ನೀವು ಮುಂದೆ' ಎಂಬುದೇ ಅವರ ಮಾತಿನ ತಿರುಳು. ವೈಮಾನಿಕರು ಶತ್ರುವಿನ ಮೇಲೆ ಎರಗುವ ಮುನ್ನ, ಯಾರು ಮೊದಲು ಎಂದು ತೀರ್ಮಾನಿಸುವಾಗ, ಆಕಾಶದಲ್ಲಿ ಇದೇ ಮಾತನ್ನು ಆಡಿಕೊಳ್ಳುತ್ತಿದ್ದರಂತೆ. ಎರಡು ಕ್ಷಣದಲ್ಲಿ ಸಾಯಬಹುದಾದ ಹುಡುಗರು! ಹಿರಿಯರ ಪ್ರಶ್ನೆಗೆ ಅವರು ಕೊಟ್ಟಿದ್ದ ಉತ್ತರ ಇದೇ ಇರಬಹುದು ಎಂದು ನನಗೆ ತೋರಿತು.

೧೯೪೧ರಲ್ಲಿ ಬ್ರಿಸ್ಟಲ್ ಮೇಲೆ ಬಾಂಬು ಸುರಿದು ನಿಲಯ ವೇಲ್ಸಿನ ಬ್ಯಾಂಗರ್ ಎಂಬ ಪುಟ್ಟ ಊರಿಗೆ ಗಂಟುಮೂಟೆ ಕಟ್ಟಿತು. ಇಟ್ಮಾ ಅಲ್ಲಿಂದಲೂ ನಡೆಯಿತು. ೧೯೪೨ರಲ್ಲಿ ರಾಜಕುಮಾರಿ ಎಲಿಜಬೆತ್‌ಳ ಹುಟ್ಟುಹಬ್ಬಕ್ಕೆಂದು ವಿಂಡ್ಸರ್ ಅರಮನೆಯಲ್ಲಿಯೇ ಆಡಿದರು. ೧೯೪೯ರ ಜನವರಿಯಲ್ಲಿ ಹ್ಯಾಂಡ್ಲಿ ಹಠಾತ್ತಾಗಿ ತೀರಿಕೊಂಡ; ಕಾರ್ಯಕ್ರಮವೂ ಅಂದಿಗೇ ಮುಗಿಯಿತು. ಅವನ ಹೆಸರಿನಲ್ಲಿ ಸೇಂಟ್ ಪಾಲ್ ಮಹಾಮಂದಿರದಲ್ಲಿ ಪ್ರಾರ್ಥನೆ ನಡೆಯಿತು. ರಾಜರಿಗೂ ಸೇನಾಪತಿಗಳಿಗೂ ಸಲ್ಲುವ ಮರ್ಯಾದೆ, ರೇಡಿಯೋದ ಹಾಸ್ಯಗಾರನಿಗೆ.

ನಿಮಗೊಂದು ನಿಜವನ್ನು ಹೇಳಬೇಕು. ಇಟ್ಮಾದ ಹಳೆಯ ಮುದ್ರಿಕೆಗಳನ್ನು ಈಗ ಕೇಳಿದರೆ ಅಷ್ಟೇನೂ ನಗೆ ಬರುವುದಿಲ್ಲ. ಸಂಭಾಷಣೆ ಓಡುತ್ತದೆ, ಬಾಗಿಲು ತೆರೆದು ಮುಚ್ಚಿದ ಸದ್ದಾಗುತ್ತದೆ, ಒಬ್ಬ ಬಂದು ತನ್ನ ಮಾಮೂಲು ಮಾತೊಂದನ್ನು ಆಡಿ ಹೋಗುತ್ತಾನೆ, ಸಭೆ ಭೋರೆಂದು ನಗುತ್ತದೆ, ನಾವು ಮಿಕಿಮಿಕಿ ನೋಡುತ್ತೇವೆ. ಗುಟ್ಟು ಹಾಸ್ಯದಲ್ಲಿರಲಿಲ್ಲ. ಆ ಮಾತನ್ನು ಮರುದಿನ ಕಾರ್ಖಾನೆಯಲ್ಲಿ, ಅಕ್ಕಿಬೇಳೆಯ ಸಾಲಿನಲ್ಲಿ, ಬಾಂಬಿನ ತಲೆಮರೆಯಲ್ಲಿ ಗುರುತಿಲ್ಲದವನಿಗೆ ಹೇಳಿದರೆ ಅವನು ಉಳಿದರ್ಧವನ್ನು ಹೇಳುತ್ತಿದ್ದನಲ್ಲ, ಗುಟ್ಟು ಅದರಲ್ಲಿತ್ತು. ಅರ್ಧ ತಮಾಷೆ ರೇಡಿಯೋದ್ದು, ಅರ್ಧ ಜನರದ್ದು. ಪೂರ್ತಿ ತಾನೇ ಆಡಿ ಮುಗಿಸುವ ವಿದೂಷಕ ನಮ್ಮನ್ನು ನಗಿಸಬಹುದು, ಒಂದುಗೂಡಿಸಲಾರ.

ನಮ್ಮವರಿಗೂ ಇದು ತಿಳಿಯದ ವಿದ್ಯೆಯಲ್ಲ. ಅದೇ ೧೯೪೨ರಲ್ಲಿ, ಒಂದು ಕಡೆ ಯುದ್ಧ, ಇನ್ನೊಂದು ಕಡೆ 'ಚಲೇ ಜಾವ್' ಚಳವಳಿ, ಪದಾರ್ಥಗಳ ಬೆಲೆ ಏರುತ್ತಿದ್ದ ಕಾಲದಲ್ಲಿ, ಬೆಂಗಳೂರಿನಲ್ಲಿ ಡಾಕ್ಟರ್ ಎಂ. ಶಿವರಾಂ 'ಕೊರವಂಜಿ'ಯನ್ನು ಹೊರಡಿಸಿದರು. ಹಗಲು ರೋಗಿಗಳ ನಾಡಿ ಹಿಡಿಯುವ ವೈದ್ಯರು. 'ರಾಶಿ' ಎಂಬ ಹೆಸರಿನಲ್ಲಿ ನಗೆಯ ಮದ್ದು ಅರೆದರು. ಹಾಸ್ಯಕ್ಕೇ ಮೀಸಲಾದ ಮಾಸಪತ್ರಿಕೆಯನ್ನು ಹುಟ್ಟುಹಾಕಲು ಅದೆಂಥ ಕಾಲ! ಆದರೂ ಅದು ೧೯೬೭ರವರೆಗೆ, ಇಪ್ಪತ್ತೈದು ವರ್ಷ ನಡೆಯಿತು. ನಾ. ಕಸ್ತೂರಿಯವರು ಬರೆದರು, ಆಗಿನ್ನೂ ವಿದ್ಯಾರ್ಥಿಯಾಗಿದ್ದ ಆರ್.ಕೆ. ಲಕ್ಷ್ಮಣ್ ವ್ಯಂಗ್ಯಚಿತ್ರ ಬರೆದುಕೊಟ್ಟರು. ಮನೆವಾರ್ತೆಯ ನಡುವೆ ಟಿ. ಸುನಂದಮ್ಮನವರು ಲೇಖನಿ ಹಿಡಿದರು. ಇಲ್ಲಿಯೂ ಗಮನಿಸಬೇಕಾದ್ದು ಅದೇ: ಓದುತ್ತಿದ್ದವರಿಗೆ ತಾವೂ ಬರೆಯಬಹುದೆಂದು ತೋರಿತು.

ನಮ್ಮ ಬೀದಿಯ ಹಲಗೆಗೆ ಮರಳೋಣ.

ಏಪ್ರಿಲ್ ತಿಂಗಳಲ್ಲಿ ತರಕಾರಿಯ ಗಾಡಿಯವನು ಹನ್ನೊಂದು ದಿನ ಬಿಡದೆ ಸೀಮೆಬದನೆಕಾಯಿಯೊಂದನ್ನೇ ತಂದ. ಅವನದೇನು ತಪ್ಪು? ಸಿಕ್ಕಿದ್ದು ಅದೇ. ಮೇಷ್ಟರು ಹಲಗೆಯ ಮೇಲೆ, "ಸೀಮೆಬದನೆಯಿಂದ ಮಾಡಬಹುದಾದ ಪದಾರ್ಥಗಳು" ಎಂದು ತಲೆಬರಹ ಕೊಟ್ಟು ಕೆಳಗೆ ಜಾಗ ಬಿಟ್ಟರು. ಕೂಟು, ಪಲ್ಯ, ಬಜ್ಜಿ, ಚಟ್ನಿ ಎಂದು ಹೆಂಗಸರು ಬರೆದರು; ಹಲ್ವ ಎಂದು ಒಬ್ಬರು ಬರೆದರು. ಮರುದಿನ ಹಲ್ವದ ಪಕ್ಕದಲ್ಲಿ ಅವರ ಯಜಮಾನರ ಅಕ್ಷರ: "ತಿಂದಿದ್ದೇನೆ. ಕ್ಷೇಮ." ಕ್ಷೌರದಂಗಡಿ ಇಲ್ಲದೆ ಮನೆಮನೆಯಲ್ಲಿ ಕತ್ತರಿ ಆಡಿದ ಕಾಲವದು. "ನಿನ್ನೆ ಐದನೆಯ ಮನೆಯ ಯಜಮಾನರ ತಲೆಯನ್ನು ಅವರ ಧರ್ಮಪತ್ನಿಯವರು ಕತ್ತರಿಸಿದರು. ಕೂದಲು ಎಂದು ಓದಿಕೊಳ್ಳುವುದು."

ಇದರಿಂದ ಆದ ಲಾಭವೇನು ಎಂದು ನೀವು ಕೇಳಬಹುದು. ಕೊನೆಯ ಮನೆಯಲ್ಲಿ ಒಬ್ಬರೇ ಇರುವ ವೃದ್ಧೆಯೊಬ್ಬರಿದ್ದರು. ಇಪ್ಪತ್ತು ವರ್ಷದಲ್ಲಿ ಯಾರಿಂದಲೂ ಒಂದು ಹಿಡಿ ಸಕ್ಕರೆ ಕೇಳಿದವರಲ್ಲ. ಹಲ್ವದ ಗಲಾಟೆ ನಡೆದ ದಿನ, ಹಲಗೆಯ ಕೆಳಮೂಲೆಯಲ್ಲಿ, ತೀರ ಸಣ್ಣ ಅಕ್ಷರದಲ್ಲಿ ಹೀಗಿತ್ತು: "ರಕ್ತದೊತ್ತಡದ ಮಾತ್ರೆ ಮುಗಿದಿದೆ. ಅಂಗಡಿಯ ಕಡೆ ಹೋಗುವವರಿದ್ದರೆ." ಅಷ್ಟೇ, ಹೆಸರೂ ಇಲ್ಲ. ಅಕ್ಷರದಿಂದ ಗುರುತು ಹಿಡಿದೆವು. ಬರಿಯ ಸಹಾಯಕ್ಕೆಂದು ಹಲಗೆ ಇಟ್ಟಿದ್ದರೆ ಆಕೆ ಬರೆಯುತ್ತಿರಲಿಲ್ಲ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ನಾಲ್ಕು ಜನ ನಗುತ್ತಿರುವ ಕಡೆ ಹತ್ತಿರ ಬಂದು ನಿಲ್ಲುವುದು ಸುಲಭ. ಕೈಚಾಚುವವರ ಸಾಲಿನಲ್ಲಿ ನಿಲ್ಲುವುದು ಕಷ್ಟ.

ಎಲ್ಲವೂ ಹೀಗೆ ಸುಗಮವಾಗಿ ನಡೆಯಿತೆಂದು ತಿಳಿಯಬೇಡಿ. ಒಂದು ಮನೆಯ ಹುಡುಗ ಪರಸ್ಥಳದಿಂದ ಬಂದಿದ್ದ. ಬಾಗಿಲಿಗೆ ಪ್ರತ್ಯೇಕವಾಸದ ಚೀಟಿ ಅಂಟಿಸಿಹೋಗಿದ್ದರು. ಯಾರೋ ಹಲಗೆಯ ಮೇಲೆ ಆ ಮನೆಯ ಚಿತ್ರ ಬರೆದು, ದೊಡ್ಡ ಬೀಗ ಹಾಕಿ, 'ಮೃಗಾಲಯ' ಎಂದು ಬರೆದರು. ಕೆಲವರು ನಕ್ಕೂ ಬಿಟ್ಟರು. ನಾನೂ ನಕ್ಕೆನೆಂದು ಒಪ್ಪಿಕೊಳ್ಳಬೇಕು. ಆ ಮನೆಯವರು ಕಿಟಕಿ ಮುಚ್ಚಿಕೊಂಡರು. ಮೇಷ್ಟರು ಬಂದು ಒರಸಿ, ಆ ದಿನವೆಲ್ಲ ಹಲಗೆಯನ್ನು ಬರಿದು ಬಿಟ್ಟರು. ಕ್ಷಮೆ ಕೇಳಲು ಹೋದವರ ಮುಂದೆ ಕಿಟಕಿ ತೆರೆಯಲು ಒಂದು ವಾರ ಹಿಡಿಯಿತು. ಸೀಮೆಬದನೆ ಎಲ್ಲರ ಪಾಲಿನದು; ಬೀಗ ಒಬ್ಬರ ಬಾಗಿಲಿನದು. ಫುಂಫನನ್ನು ಕಂಡು ನಕ್ಕ ಇಂಗ್ಲೆಂಡೇ ಅವನ ಭಯದಲ್ಲಿ ನಿರಪರಾಧಿಗಳಾದ ಪರದೇಶಿಗಳನ್ನು ಶಿಬಿರಗಳಲ್ಲಿ ಕೂಡಿಹಾಕಿದ್ದೂ ಉಂಟು.

ತಮಾಷೆಯನ್ನು ಆಕ್ಷೇಪಿಸಿದ ಆ ಹಿರಿಯರ ವಿಷಯ ಮರೆತಿಲ್ಲ. ಮೇ ತಿಂಗಳಿನ ಒಂದು ಬೆಳಗ್ಗೆ ಹಲಗೆಯ ಮೇಲೆ ಕೆಂಪು ಸೀಮೆಸುಣ್ಣದ ಗುರುತುಗಳು ಕಂಡವು. ರೇಷನ್ ಅಂಗಡಿಯ ಸುದ್ದಿಯನ್ನು ಯಾರೋ, "ಸೊಸೈಟಿಗೆ ಹಕ್ಕಿ ಬಂದಿದೆ" ಎಂದು ಬರೆದಿದ್ದರು. 'ಹ' ಹೊಡೆದುಹಾಕಿ ಮೇಲೆ 'ಅ' ಎಂದು ತಿದ್ದಿತ್ತು, ಪಕ್ಕದಲ್ಲಿ, "ಹಕ್ಕಿಯಾಗಿದ್ದರೆ ಇಷ್ಟು ಹೊತ್ತು ಇರುತ್ತಿರಲಿಲ್ಲ." ಲೆಕ್ಕದ ಪುಸ್ತಕದ ದುಂಡಗಿನ ಅಕ್ಷರ. ಎಲ್ಲರೂ ಮಲಗಿದ ಮೇಲೆ ಬಂದು ತಿದ್ದಿ ಹೋಗಿದ್ದರು. ಹಗಲು ಎದುರಾದರೆ ಏನೂ ತಿಳಿಯದವರಂತೆ ಗಂಭೀರವಾಗಿ ಹಾಲಿನ ಪಾತ್ರೆ ಹಿಡಿದು ನಡೆಯುತ್ತಿದ್ದರು.

ಆಮೇಲೆ ಬೀದಿಗೆ ಬೀದಿಯೇ ಬೇಕೆಂದು ತಪ್ಪು ಬರೆಯತೊಡಗಿತು. ಅವರ ಕಣ್ಣು ತಪ್ಪಿಸುವ ತಪ್ಪನ್ನು ಹುಡುಕುವುದು ಮಕ್ಕಳ ಪಂದ್ಯವಾಯಿತು. ಒಂದೂ ತಪ್ಪಿಸಿಕೊಳ್ಳಲಿಲ್ಲ. ಲಾಕ್‌ಡೌನ್ ಮುಗಿದ ಮೇಲೂ ಹಲಗೆ ಅಲ್ಲಿಯೇ ಉಳಿಯಿತು. ಕೆಂಪು ತಿದ್ದುಪಡಿಯೂ ಉಳಿಯಿತು.

೨೦೨೧ರ ಏಪ್ರಿಲ್, ಮೇ ತಿಂಗಳುಗಳು ಹೇಗಿದ್ದವೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಬೆಳಗ್ಗೆ ಆರರಿಂದ ಹತ್ತರವರೆಗೆ ಅಂಗಡಿ. ಆಮೇಲೆ ಆಂಬುಲೆನ್ಸಿನ ಸದ್ದು. ಹಿರಿಯರನ್ನು ಒಂದು ರಾತ್ರಿ ಆಸ್ಪತ್ರೆಗೆ ಕರೆದೊಯ್ದರು. ಆರನೆಯ ದಿನ ಅವರು ತೀರಿಕೊಂಡ ಸುದ್ದಿ ಬಂದಿತು. ಮಕ್ಕಳು ಹೊರದೇಶದಲ್ಲಿ, ಬರುವಂತಿಲ್ಲ. ಅವರ ಮನೆಯವರು ಒಬ್ಬರೇ ಉಳಿದರು. ಹೋಗಿ ಕೈಹಿಡಿದು ಸಮಾಧಾನ ಹೇಳುವಂತೆಯೂ ಇರಲಿಲ್ಲ. ಹಲಗೆಯ ಮೇಲೆ ಊಟ ತಲುಪಿಸುವ ಸರದಿಯ ಪಟ್ಟಿ ಮಾತ್ರ ಇತ್ತು, ಬಿಳಿ ಅಕ್ಷರದಲ್ಲಿ, ಮನೆಯ ಸಂಖ್ಯೆಯೂ ಹೊತ್ತೂ. ಬೇರೆ ಒಂದು ಮಾತನ್ನೂ ಯಾರೂ ಬರೆಯಲಿಲ್ಲ. ನಗೆಗೆ ಹೊತ್ತುಗೊತ್ತು ಉಂಟೆಂದು ಹಿರಿಯರು ಹೇಳಿದ್ದು ಸುಳ್ಳಲ್ಲ.

ಹೀಗೆ ಎರಡು ವಾರಕ್ಕೂ ಮಿಕ್ಕಿ ಕಳೆಯಿತು. ಒಂದು ಸಂಜೆ ಮೇಷ್ಟರ ಸೊಸೆ ಅವಸರದಲ್ಲಿ ಬಂದು, ಪಟ್ಟಿಯ ಕೆಳಗೆ, "ನಾಳೆ ತರಕಾರಿ ಗಾಡಿ ಏಳು ಗಂಟೆಗೆ ಬರುತ್ತದೆ. ವಿಷೇಶ: ಸೀಮೆಬದನೆಕಾಯಿ" ಎಂದು ಬರೆದು ಒಳಗೆ ಹೋದಳು. ಬೇಕೆಂದು ಮಾಡಿದ ತಪ್ಪಲ್ಲ, ಕೈತಪ್ಪು.

ಬೆಳಗ್ಗೆ ಗಾಡಿಯ ಗಂಟೆ ಕೇಳಿ ಚೀಲ ಹಿಡಿದು ಹೊರಗೆ ಬಂದವರೆಲ್ಲ ಹಲಗೆಯ ಮುಂದೆ ದೂರದೂರವಾಗಿ ನಿಂತುಬಿಟ್ಟರು. 'ಷೇ'ಯನ್ನು ಹೊಡೆದು 'ಶೇ', 'ಶ'ವನ್ನು ಹೊಡೆದು 'ಷ' ಎಂದು ಕೆಂಪು ಸೀಮೆಸುಣ್ಣದಲ್ಲಿ ತಿದ್ದಿತ್ತು. ಲೆಕ್ಕದ ಪುಸ್ತಕದ ಅಕ್ಷರವಲ್ಲ; ಸ್ವಲ್ಪ ನಡುಗಿತ್ತು. ಮೂರನೆಯ ಮನೆಯ ಕಿಟಕಿ ಅಂಗೈಯಗಲ ತೆರೆದಿತ್ತು. ಮೇಷ್ಟರು ಆ ವಾರವೆಲ್ಲ ಹಲಗೆ ಒರಸಲಿಲ್ಲ.